ನಲವತ್ತೊಂಬತ್ತು ಮನೆಯ ಆಟ: ಮುಯ್ಯಿ, ನೆರೆಮನೆ ಮತ್ತು ಡೈರಿಯ ಕ್ಯಾನು



ಬೆಳಿಗ್ಗೆ ಡೈರಿಯಲ್ಲಿ ನಿಮ್ಮ ಹಾಲನ್ನು ಅಳೆದು ಕ್ಯಾನಿಗೆ ಸುರಿದ ಮೇಲೆ ಅದು ನಿಮ್ಮೊಬ್ಬರ ಹಾಲಾಗಿ ಉಳಿಯುವುದಿಲ್ಲ. ಊರಿನ ಎಲ್ಲ ಮನೆಗಳ ಹಾಲೂ ಅಲ್ಲಿ ಒಂದಾಗುತ್ತದೆ. ಒಂದು ಮನೆಯವರು ತೊಳೆಯದ ಪಾತ್ರೆಯಲ್ಲಿ ಹಾಲು ತಂದರೆ ಇಡೀ ಕ್ಯಾನು ಹುಳಿಯಾಗಬಹುದು. ಚುಚ್ಚುಮದ್ದು ಮಾಡಿಸಿದ ಆಕಳ ಹಾಲನ್ನು ಒಬ್ಬರು ಸುರಿದರೆ ಎಲ್ಲರ ಹಾಲೂ ಹೋಗಬಹುದು. ಹಾಗಾದರೆ ಅಚ್ಚುಕಟ್ಟಾಗಿ ನಡೆಯುವವರಿಗೆ ಲಾಭವೇನು? ಒಬ್ಬರು ತಪ್ಪಿ ನಡೆದು ಲಾಭ ಮಾಡಿಕೊಂಡರೆ ಉಳಿದವರೂ ಅದನ್ನೇ ಕಲಿಯುವುದಿಲ್ಲವೇ? ಕಲಿತರೆ ಎಷ್ಟು ಮನೆಗೆ ಹಬ್ಬುತ್ತದೆ, ಎಲ್ಲಿ ನಿಲ್ಲುತ್ತದೆ?

ಇದನ್ನು ಕುಳಿತಲ್ಲೇ ಲೆಕ್ಕ ಹಾಕಿ ನೋಡಬಹುದು. ವಿಜ್ಞಾನಿಗಳು ಇದಕ್ಕೆ ಕಂಪ್ಯೂಟರಿನಲ್ಲಿ ಚೌಕಗಳ ಹಾಸು ಮಾಡಿ, ಒಂದೊಂದು ಚೌಕದಲ್ಲಿ ಒಬ್ಬೊಬ್ಬರನ್ನು ಕೂರಿಸಿ, ಅಕ್ಕಪಕ್ಕದವರ ಜತೆ ಆಟ ಆಡಿಸುತ್ತಾರೆ. ಚೆನ್ನಾಗಿ ಗಳಿಸಿದವರ ನಡತೆಯನ್ನು ನೆರೆಯವರು ಕಲಿಯುತ್ತಾರೆ, ಕಡಿಮೆ ಗಳಿಸಿದವರ ನಡತೆ ಅಳಿಯುತ್ತದೆ. ಇದಕ್ಕೆ ವಿಕಾಸದ ಆಟಗಳ ಸಿದ್ಧಾಂತ ಎಂದು ಹೆಸರು. ಹೆಸರು ದೊಡ್ಡದು, ಆಟ ಚೌಕಾಬಾರಕ್ಕಿಂತ ಸುಲಭ. ಈ ತಿಂಗಳ ಪಾಠ ಅದೇ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾಲ್ಕು ಜನ ಪಡಸಾಲೆಯಲ್ಲಿ ಕುಳಿತು ಆಡಬಹುದು.

ಬೇಕಾಗುವ ಸಾಮಾನು

ಒಂದು ಸೀಮೆಸುಣ್ಣ, ಒಂದು ಹಿಡಿ ಗೋವಿನಜೋಳ, ಒಂದು ಹಿಡಿ ಹುಣಸೆ ಬೀಜ, ಕೆಲವು ಬೆಂಕಿಕಡ್ಡಿ. ನೆಲದ ಮೇಲೆ ಅಡ್ಡ 7, ಉದ್ದ 7 ಮನೆಗಳ ಚೌಕ ಬರೆಯಿರಿ. ಒಟ್ಟು 49 ಮನೆ. ಇದೇ ನಮ್ಮ ಊರು.

ಆಟದ ಕಥೆಗೆ ಮುಯ್ಯಿಯನ್ನು ತೆಗೆದುಕೊಳ್ಳೋಣ. ಕಲಘಟಗಿ ತಾಲ್ಲೂಕಿನ ದುಮ್ಮವಾಡದಂಥ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಂದು ನಿಮ್ಮ ಗೋವಿನಜೋಳದ ಹೊಲದ ಕಳೆಗೆ ಅವರು ಬಂದರೆ ನಾಳೆ ಅವರ ಹೊಲಕ್ಕೆ ನೀವು ಹೋಗಬೇಕು. ನೀವು ಮದುವೆಗೆ ಹೋದ ದಿನ ನೆರೆಮನೆಯಾಕೆ ನಿಮ್ಮ ಎಮ್ಮೆ ಹಿಂಡಿ, ಮೇವು ಹಾಕಿ, ಹಾಲನ್ನು ಡೈರಿಗೆ ಮುಟ್ಟಿಸಿದರೆ, ಅವಳು ಊರಿಗೆ ಹೋದಾಗ ನೀವು ಅದನ್ನೇ ಮಾಡಬೇಕು.

ಗೋವಿನಜೋಳ ಇಟ್ಟದ್ದು ಮುಯ್ಯಿ ಕೊಡುವ ಮನೆ. ಹುಣಸೆ ಬೀಜ ಇಟ್ಟದ್ದು ಮುಯ್ಯಿ ತಪ್ಪಿಸುವ ಮನೆ. ತಪ್ಪಿಸುವ ಮನೆಯವರು ಬೇರೆಯವರಿಂದ ಕೆಲಸ ಮಾಡಿಸಿಕೊಳ್ಳುತ್ತಾರೆ, ತಮ್ಮ ಸರದಿ ಬಂದಾಗ ನೆವ ಹೇಳುತ್ತಾರೆ.

ಆಟದ ನಿಯಮ

1. ಪ್ರತಿ ಮನೆಗೆ ನೆರೆಮನೆ ಎಂದರೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ಮನೆಗಳು ಮಾತ್ರ. ಓರೆಯಲ್ಲಿರುವ ಮನೆ ಲೆಕ್ಕಕ್ಕಿಲ್ಲ. ಅಂಚಿನ ಮನೆಗೆ ಮೂರು ನೆರೆಮನೆ, ಮೂಲೆಯ ಮನೆಗೆ ಎರಡು.

2. ಪ್ರತಿ ಮನೆ ತನ್ನ ಒಂದೊಂದು ನೆರೆಮನೆಯಿಂದಲೂ ಅಂಕ ಪಡೆಯುತ್ತದೆ. ಇಬ್ಬರೂ ಕೊಡುವವರಾದರೆ ಇಬ್ಬರಿಗೂ 4 ಅಂಕ. ಒಬ್ಬರು ಕೊಟ್ಟು ಇನ್ನೊಬ್ಬರು ತಪ್ಪಿಸಿದರೆ, ತಪ್ಪಿಸಿದವರಿಗೆ 6, ಕೊಟ್ಟವರಿಗೆ ಸೊನ್ನೆ. ಇಬ್ಬರೂ ತಪ್ಪಿಸಿದರೆ ಇಬ್ಬರಿಗೂ ಸೊನ್ನೆ.

3. ಎಲ್ಲ ಮನೆಯ ಅಂಕ ಕೂಡಿದ ಮೇಲೆ, ಪ್ರತಿ ಮನೆಯವರು ತಮ್ಮನ್ನೂ ತಮ್ಮ ನೆರೆಯವರನ್ನೂ ನೋಡುತ್ತಾರೆ. ಅವರಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಯಾವ ಬಗೆಯ ಮನೆಗೆ ಬಂದಿದೆಯೋ ಮುಂದಿನ ಸುತ್ತಿಗೆ ಅದೇ ಬಗೆಯವರಾಗುತ್ತಾರೆ. ಎರಡೂ ಬಗೆಯವರ ದೊಡ್ಡ ಅಂಕ ಸಮ ಬಂದರೆ ಬದಲಾಗುವುದಿಲ್ಲ, ಇದ್ದಂತೆ ಇರುತ್ತಾರೆ.

4. ಬದಲಾಗಬೇಕಾದ ಮನೆಗಳ ಮೇಲೆ ಮೊದಲು ಬೆಂಕಿಕಡ್ಡಿ ಇಡಿ. ಎಲ್ಲ ಮನೆ ನೋಡಿ ಮುಗಿದ ಮೇಲೆ ಒಟ್ಟಿಗೆ ಬೀಜ ಬದಲಿಸಿ. ನಡುವೆ ಬದಲಿಸಿದರೆ ಲೆಕ್ಕ ತಪ್ಪುತ್ತದೆ.

ನಿಯಮ ಇಷ್ಟೇ. ಈ ಆಟದಲ್ಲಿ ಯಾರೂ ಒಳ್ಳೆಯವರಲ್ಲ, ಕೆಟ್ಟವರಲ್ಲ. ಎಲ್ಲರೂ ಪಕ್ಕದಲ್ಲಿ ಚೆನ್ನಾಗಿ ಗಳಿಸುತ್ತಿರುವವರನ್ನು ನೋಡಿ ಹಾಗೇ ಮಾಡುತ್ತಾರೆ.

ಮೊದಲನೇ ಆಟ: ಊರ ನಡುವೆ ಒಬ್ಬಳು

49 ಮನೆಗೂ ಗೋವಿನಜೋಳ ಇಡಿ. ಈಗ ಇಡೀ ಊರಿನ ಅಂಕ ಕೂಡಿದರೆ 672 ಬರುತ್ತದೆ. ಈ ಸಂಖ್ಯೆಯನ್ನು ನೆನಪಿಡಿ. ನಂತರ ಸರಿಯಾಗಿ ನಡುಮಧ್ಯದ ಮನೆಯಲ್ಲಿ ಗೋವಿನಜೋಳ ತೆಗೆದು ಒಂದು ಹುಣಸೆ ಬೀಜ ಇಡಿ.

ಆಕೆಗೆ ನಾಲ್ಕು ನೆರೆಮನೆ, ನಾಲ್ವರೂ ಕೊಡುವವರು. ಆಕೆಗೆ 24 ಅಂಕ. ಅವಳ ನೆರೆಯವರಿಗೆ ಮೂರು ಕಡೆಯಿಂದ ತಲಾ 4, ಅವಳ ಕಡೆಯಿಂದ ಸೊನ್ನೆ. ಒಟ್ಟು 12. ಅವರು ಸುತ್ತ ನೋಡುತ್ತಾರೆ. ಹಿಂದಿನ ಮನೆಯವರಿಗೆ 16, ಇವಳಿಗೆ 24. ನಾಲ್ವರೂ ಹುಣಸೆ ಬೀಜವಾಗುತ್ತಾರೆ. ಒಬ್ಬಳಿದ್ದವಳು ಐವರಾದಳು.

ಎರಡನೇ ಸುತ್ತು. ನಡುವಿನ ಆಕೆಗೆ ಈಗ ಸೊನ್ನೆ, ಏಕೆಂದರೆ ನಾಲ್ಕೂ ಕಡೆ ತಪ್ಪಿಸುವವರೇ. ಹೊಸದಾಗಿ ಕಲಿತ ನಾಲ್ವರಿಗೆ ಮೂರು ಮೂರು ಕೊಡುವ ನೆರೆಮನೆ, ತಲಾ 18. ಹೊರಗಿನ ಮನೆಯವರು ನೋಡಿದಾಗ ಒಂದು ಕಡೆ 18, ಇನ್ನೊಂದು ಕಡೆ 16 ಕಾಣುತ್ತದೆ. ಅವರೂ ಬದಲಾಗುತ್ತಾರೆ. ಐದು ಮನೆ ಹದಿಮೂರಾಯಿತು. ಮೂರನೇ ಸುತ್ತಿಗೆ ಹದಿಮೂರು ಇಪ್ಪತ್ತೈದಾಗುತ್ತದೆ. ನಾಲ್ಕನೇ ಸುತ್ತಿನಲ್ಲಿ ಒಂದು ಬೀಜವೂ ಅಲುಗುವುದಿಲ್ಲ. ಊರು ಹೀಗೆ ನಿಂತಿರುತ್ತದೆ. ○ ಗೋವಿನಜೋಳ, ● ಹುಣಸೆ ಬೀಜ.

○ ○ ○ ● ○ ○ ○
○ ○ ● ● ● ○ ○
○ ● ● ● ● ● ○
● ● ● ● ● ● ●
○ ● ● ● ● ● ○
○ ○ ● ● ● ○ ○
○ ○ ○ ● ○ ○ ○

ಈಗ ಇಡೀ ಊರಿನ ಅಂಕ ಕೂಡಿ ನೋಡಿ. 336. ಮೊದಲಿದ್ದ 672ಕ್ಕೆ ಸರಿಯಾಗಿ ಅರ್ಧ. ಇನ್ನೂ ಒಂದು ಗಮನಿಸಿ. 25 ತಪ್ಪಿಸುವ ಮನೆಗಳಲ್ಲಿ ನಡುವಿನ 13 ಮನೆಗೆ ಒಂದೂ ಅಂಕವಿಲ್ಲ. ಮುಯ್ಯಿ ತಪ್ಪಿಸಬೇಕೆಂದರೂ ಮುಯ್ಯಿಗೆ ಬರುವವರು ಪಕ್ಕದಲ್ಲಿ ಇರಬೇಕಲ್ಲ! ಮೊದಲು 24 ಅಂಕ ಪಡೆದು ಎಲ್ಲರ ಕಣ್ಣು ಕುಕ್ಕಿದ ಆಕೆಯೇ ಈಗ ಸೊನ್ನೆಯಲ್ಲಿದ್ದಾಳೆ.

ಆದರೆ ನಾಲ್ಕು ಮೂಲೆಗಳನ್ನು ನೋಡಿ. ಒಂದೊಂದು ಮೂಲೆಯಲ್ಲಿ ಆರಾರು ಕೊಡುವ ಮನೆಗಳು ಅಳಿಯದೆ ಉಳಿದಿವೆ. ಅವರು ಒಬ್ಬರಿಗೊಬ್ಬರು ಅಂಟಿಕೊಂಡಿರುವುದರಿಂದ ಉಳಿದರು. ಗುಂಪಿನ ಒಳಗಿನ ಮನೆಗೆ 12 ಅಂಕ ಬರುತ್ತದೆ, ಅಂಚಿನಲ್ಲಿರುವ ತಪ್ಪಿಸುವವರಿಗೂ 12 ಬರುತ್ತದೆ. ಸಮ ಬಂದದ್ದರಿಂದ ಅಂಚಿನ ಮನೆಗಳು ಬದಲಾಗಲಿಲ್ಲ.

ಎರಡನೇ ಆಟ: 6 ಅಲ್ಲ, 5

ಮತ್ತೆ ಮೊದಲಿನಂತೆ ಇಡಿ. 48 ಗೋವಿನಜೋಳ, ನಡುವೆ ಒಂದು ಹುಣಸೆ ಬೀಜ. ಒಂದೇ ಒಂದು ಬದಲಾವಣೆ: ಮುಯ್ಯಿ ತಪ್ಪಿಸಿದವರಿಗೆ 6ರ ಬದಲು 5 ಅಂಕ.

ಮೊದಲ ಸುತ್ತಿನಲ್ಲಿ ಆಕೆಗೆ 20 ಅಂಕ, ಹಿಂದಿನ ಮನೆಯವರಿಗೆ 16. ನಾಲ್ವರು ನೆರೆಯವರು ಬದಲಾಗುತ್ತಾರೆ, ಐವರಾಗುತ್ತಾರೆ. ಎರಡನೇ ಸುತ್ತಿನಲ್ಲಿ ಹೊಸದಾಗಿ ಕಲಿತ ನಾಲ್ವರಿಗೆ ಮೂರು ಐದಲ 15. ಹೊರಗಿನವರಿಗೆ ಒಂದು ಕಡೆ 15, ಇನ್ನೊಂದು ಕಡೆ 16 ಕಾಣುತ್ತದೆ. ಯಾರೂ ಬದಲಾಗುವುದಿಲ್ಲ. ಐದಕ್ಕೇ ನಿಂತಿತು. ಊರಿನ ಅಂಕ 604. ಹಾನಿಯಾಯಿತು, ಊರು ಮುಳುಗಲಿಲ್ಲ.

ಒಂದೇ ಅಂಕದ ವ್ಯತ್ಯಾಸದಿಂದ 25 ಮನೆ ಎಲ್ಲಿ, 5 ಮನೆ ಎಲ್ಲಿ! ತಪ್ಪಿ ನಡೆಯುವ ಲಾಭವನ್ನು ಪೂರ್ತಿ ಇಲ್ಲವಾಗಿಸಬೇಕಾಗಿಲ್ಲ. ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಅದು ಹಬ್ಬುವುದು ತಾನಾಗಿ ನಿಲ್ಲುತ್ತದೆ.

ಇಲ್ಲಿಯೂ ಒಂದು ಸೂಕ್ಷ್ಮ ಇದೆ. ಹೊಸದಾಗಿ ಬದಲಾದ ನಾಲ್ವರಿಗೆ 15 ಬರುತ್ತಿದೆ. ಎರಡು ಮೂರು ಮನೆ ಆಚೆ ಕೊಡುವವರು 16 ಪಡೆಯುತ್ತಿದ್ದಾರೆ. ಹಾಗಿದ್ದರೂ ಈ ನಾಲ್ವರು ಮರಳಿ ಗೋವಿನಜೋಳ ಆಗುವುದಿಲ್ಲ. ಅವರ ಪಕ್ಕದ ಕೊಡುವ ಮನೆಗಳಿಗೆ 12, 8 ಅಷ್ಟೇ ಇದೆ. 16ರ ಮನೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಾಣದ್ದನ್ನು ಕಲಿಯುವುದು ಹೇಗೆ?

ಮೂರನೇ ಆಟ: ಕೆಟ್ಟ ಊರಿನಲ್ಲಿ ನಾಲ್ವರು

ಈಗ ತಿರುಗಿಸಿ ಆಡೋಣ. ತಪ್ಪಿಸಿದವರಿಗೆ ಮತ್ತೆ 6 ಅಂಕ. 49 ಮನೆಗೂ ಹುಣಸೆ ಬೀಜ ಇಡಿ. ಊರಿನ ಅಂಕ ಸೊನ್ನೆ. ನಡುವೆ ಒಂದೇ ಒಂದು ಗೋವಿನಜೋಳ ಇಡಿ. ಆಕೆ ಎಲ್ಲರಿಗೂ ಕೊಡುತ್ತಾಳೆ, ಆಕೆಗೆ ಯಾರೂ ಕೊಡುವುದಿಲ್ಲ. ಅವಳಿಗೆ ಸೊನ್ನೆ, ಅವಳ ನೆರೆಯವರಿಗೆ 6. ಮುಂದಿನ ಸುತ್ತಿಗೆ ಅವಳಿಲ್ಲ. ಒಬ್ಬಂಟಿ ಒಳ್ಳೆಯತನ ಒಂದು ಸುತ್ತೂ ಬಾಳುವುದಿಲ್ಲ. ಅಕ್ಕಪಕ್ಕ ಇಬ್ಬರನ್ನು ಇಟ್ಟು ನೋಡಿ. ಅವರಿಗೆ ತಲಾ 4, ನೆರೆಯವರಿಗೆ 6. ಅವರೂ ಅಳಿದರು.

ಈಗ ನಾಲ್ವರನ್ನು ಚೌಕವಾಗಿ ಕೂರಿಸಿ. ಮೇಲಿನಿಂದ ಮೂರು ಮತ್ತು ನಾಲ್ಕನೇ ಸಾಲು, ಎಡದಿಂದ ಮೂರು ಮತ್ತು ನಾಲ್ಕನೇ ಮನೆ. ಒಬ್ಬೊಬ್ಬರಿಗೂ ಇಬ್ಬರು ಕೊಡುವ ನೆರೆಯವರಿದ್ದಾರೆ, ತಲಾ 8 ಅಂಕ. ಅವರಿಗೆ ತಾಗಿದ ತಪ್ಪಿಸುವ ಮನೆಗಳಿಗೆ ಒಬ್ಬೊಬ್ಬರಿಂದ ಮಾತ್ರ ಸಿಗುತ್ತದೆ, ತಲಾ 6. ಎಂಟು ದೊಡ್ಡದು. ಸುತ್ತಲಿನ ಎಂಟು ಮನೆಗಳು ಗೋವಿನಜೋಳವಾಗುತ್ತವೆ. ನಾಲ್ಕು ಹನ್ನೆರಡಾಯಿತು. ಮುಂದಿನ ಸುತ್ತಿಗೆ 20, ಅದರ ಮುಂದಿನದಕ್ಕೆ 24. ಅಲ್ಲಿಂದಾಚೆ ಏನಾಗುತ್ತದೆ ಎಂಬುದನ್ನು ನೀವೇ ಆಡಿ ನೋಡಿ.

ಬೀಜ ಅದೇ, ಊರು ಅದೇ. ಇಬ್ಬರು ಅಳಿದ ಕಡೆ ನಾಲ್ವರು ಬೆಳೆದರು.

ನಾಲ್ಕನೇ ಆಟ: ಗೆರೆ ಅಳಿಸಿದರೆ

ಈಗ ಸೀಮೆಸುಣ್ಣದ ಗೆರೆಗಳನ್ನು ಅಳಿಸಿ. 48 ಗೋವಿನಜೋಳ, ಒಂದು ಹುಣಸೆ ಬೀಜ ಎಲ್ಲವನ್ನೂ ಒಂದು ಮರಕ್ಕೆ ಹಾಕಿ ಕಲೆಸಿ. ಈಗ ನೆರೆಮನೆ ಎಂಬುದಿಲ್ಲ. ಪ್ರತಿಯೊಬ್ಬರೂ ಉಳಿದ 48 ಜನರ ಜತೆಗೂ ಆಡುತ್ತಾರೆ, ಎಲ್ಲರೂ ಎಲ್ಲರ ಅಂಕವನ್ನೂ ನೋಡುತ್ತಾರೆ.

ತಪ್ಪಿಸುವ ಆಕೆಗೆ 48 ಜನರಿಂದ ತಲಾ 6 ಅಂದರೆ 288. ಕೊಡುವ ಪ್ರತಿಯೊಬ್ಬರಿಗೂ 47 ಜನರಿಂದ ತಲಾ 4 ಅಂದರೆ 188. ಎಲ್ಲರ ಕಣ್ಣೂ 288ರ ಮೇಲೆ. ಒಂದೇ ಸುತ್ತಿನಲ್ಲಿ 48 ಜನರೂ ಹುಣಸೆ ಬೀಜ. ಊರಿನ ಅಂಕ ಸೊನ್ನೆ. ತಪ್ಪಿಸಿದ ಲಾಭವನ್ನು 5ಕ್ಕೆ ಇಳಿಸಿದರೂ 240ಕ್ಕೆ 188, ಆಗಲೂ ಅದೇ ಗತಿ. ಇಲ್ಲಿ ಮೂಲೆ ಇಲ್ಲ, ಒಟ್ಟಾಗಿ ನಿಲ್ಲಲು ಜಾಗವಿಲ್ಲ. ಗೆರೆ ಇದ್ದಾಗ 24 ಮನೆ ಉಳಿದಿದ್ದವು, ಗೆರೆ ಅಳಿದಾಗ ಒಂದೂ ಉಳಿಯಲಿಲ್ಲ.

ಈ ಆಟ ಎಲ್ಲಿಂದ ಬಂತು

1992ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಮಾರ್ಟಿನ್ ನೊವಾಕ್ ಮತ್ತು ರಾಬರ್ಟ್ ಮೇ ಎಂಬ ಇಬ್ಬರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಇಂಥ ಚೌಕದ ಆಟವನ್ನು ಪ್ರಕಟಿಸಿದರು. ಅವರ ಆಟದಲ್ಲಿ ಓರೆಯ ಮನೆಗಳೂ ಸೇರಿ ಎಂಟು ನೆರೆಮನೆ, ಜತೆಗೆ ತನ್ನ ಮನೆಯೂ ಲೆಕ್ಕಕ್ಕೆ. ದೊಡ್ಡ ಹಾಸಿನ ನಡುವೆ ಒಬ್ಬನೇ ತಪ್ಪಿಸುವವನನ್ನು ಇಟ್ಟು ಬಿಟ್ಟರೆ, ಸುತ್ತಿನಿಂದ ಸುತ್ತಿಗೆ ಬದಲಾಗುವ, ನಮ್ಮ ರಂಗೋಲಿಯಂತೆ ನಾಲ್ಕೂ ಕಡೆ ಸಮನಾದ ಚಿತ್ತಾರ ಮೂಡುತ್ತಿತ್ತು. ತಪ್ಪಿಸುವ ಲಾಭ ಸುಮಾರು ಎರಡರಷ್ಟು ಇದ್ದಾಗಲೂ, ದೊಡ್ಡ ಹಾಸಿನಲ್ಲಿ ನೂರರಲ್ಲಿ ಸುಮಾರು 32 ಮನೆಗಳು ಕೊಡುವವರಾಗಿಯೇ ಉಳಿಯುತ್ತಿದ್ದವು. ಸಹಕಾರ ಉಳಿಯಲು ಬುದ್ಧಿ, ನೆನಪು, ಸೇಡು ಏನೂ ಬೇಕಿಲ್ಲ, ಒಟ್ಟಿಗೆ ಇರುವ ನೆರೆಹೊರೆ ಸಾಕು ಎಂದು ಅದು ತೋರಿಸಿತು.

ಕೈಯಲ್ಲಿ ಆಡಿದರೆ ವಿಜ್ಞಾನವಾಗುವುದಿಲ್ಲ ಎಂದುಕೊಳ್ಳಬೇಡಿ. ಊರುಗಳಲ್ಲಿ ಒಂದೊಂದು ಬಗೆಯ ಜನ ಒಂದೊಂದು ಕಡೆ ಗುಂಪಾಗುವುದು ಹೇಗೆ ಎಂಬುದನ್ನು ಅಮೆರಿಕದ ಥಾಮಸ್ ಷೆಲಿಂಗ್ ಚೌಕದ ಹಾಳೆಯ ಮೇಲೆ ನಾಣ್ಯಗಳನ್ನು ಸರಿಸಿ ಸರಿಸಿ ಕಂಡುಕೊಂಡರು. 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ನಾಡಿನಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೈದೀಪ್ ಜೋಶಿ, ವಿಶ್ವೇಶ ಗುತ್ತಲ್ ಮತ್ತು ವಿದೇಶದ ಇಬ್ಬರು ಜತೆಗಾರರು 2017ರಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು. ಮನೆಗಳು ಒಂದೇ ಕಡೆ ನಿಲ್ಲದೆ, ಪ್ರಾಣಿಗಳ ಹಿಂಡಿನಂತೆ ಸದಾ ಅಲೆಯುತ್ತ, ಕೂಡುತ್ತ, ಒಡೆಯುತ್ತ ಇದ್ದರೆ ಏನಾಗುತ್ತದೆ? ಅವರ ಕಂಪ್ಯೂಟರ್ ಆಟದಲ್ಲಿ ಅಲೆದಾಟವೇ ಕೊಡುವವರನ್ನು ಕೊಡುವವರ ಜತೆ ಸೇರಿಸುವಂತೆ ಆಗಬಹುದು, ಸಹಕಾರ ಉಳಿಯಬಹುದು ಎಂದು ಕಂಡುಬಂತು. ಅಲ್ಲಿಯೂ ಯಾರ ಜತೆ ಯಾರು ಸೇರುತ್ತಾರೆ ಎಂಬುದೇ ಮುಖ್ಯವಾಯಿತು.

ಡೈರಿಯ ಕ್ಯಾನು ಯಾವ ಆಟ?

ಈಗ ಕ್ಯಾನಿಗೆ ಬರೋಣ. ಬರೀ ಲೀಟರ್ ಅಳೆದು ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದರೆ ಅದು ನಾಲ್ಕನೇ ಆಟ. ಗೆರೆ ಇಲ್ಲದ ಮರ. ಒಂದು ತಂಬಿಗೆ ನೀರು ಬೆರೆಸಿದ ಲಾಭ ಬೆರೆಸಿದವರಿಗೆ, ನಷ್ಟ ಎಲ್ಲರಿಗೂ ಹಂಚಿಕೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಿಂದೆ ಹೀಗೇ ಆಗುತ್ತಿತ್ತು. ಹಾಲಿಗೆ ತೂಕದ ಮೇಲೆ ಹಣ ಕೊಡುತ್ತಿದ್ದರು. ಕೆನೆ ತೆಗೆದವರಿಗೂ ನೀರು ಹಾಕಿದವರಿಗೂ ಅದೇ ದರ. 1890ರಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ಕೃಷಿ ವಿಜ್ಞಾನಿ ಹಾಲಿನ ಕೊಬ್ಬನ್ನು ಸುಲಭವಾಗಿ ಅಳೆಯುವ ಪರೀಕ್ಷೆ ಕಂಡುಹಿಡಿದರು. ಅದರಿಂದ ಒಬ್ಬೊಬ್ಬ ರೈತನ ಹಾಲಿನ ಗುಣವನ್ನು ಬೇರೆ ಬೇರೆಯಾಗಿ ತಿಳಿಯಲು ಬಂತು. ಅಂದರೆ ಅಳಿಸಿದ್ದ ಗೆರೆಯನ್ನು ಮತ್ತೆ ಬರೆದಂತಾಯಿತು.

ನಿಮ್ಮ ಸಂಘದಲ್ಲಿ ಸುರಿಯುವ ಮುನ್ನ ಪ್ರತಿಯೊಬ್ಬರ ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡುವುದು ಇದೇ ಕಾರಣಕ್ಕೆ. 8.5 ಎಸ್‌ಎನ್‌ಎಫ್ ಇರುವ 10 ಲೀಟರ್ ಹಾಲಿಗೆ 1 ಲೀಟರ್ ನೀರು ಬೆರೆಸಿದರೆ 11 ಲೀಟರ್ ಆಗುತ್ತದೆ, ಎಸ್‌ಎನ್‌ಎಫ್ ಸುಮಾರು 7.7ಕ್ಕೆ ಇಳಿಯುತ್ತದೆ. 4 ಇದ್ದ ಫ್ಯಾಟ್ ಸುಮಾರು 3.6ಕ್ಕೆ ಬರುತ್ತದೆ. ಲೀಟರಿನಲ್ಲಿ ಗಳಿಸಿದ್ದು ದರದಲ್ಲಿ ಹೋಯಿತು. ತಪ್ಪಿಸುವ 6 ಅಂಕ ಇಳಿಯಿತು. ಪರೀಕ್ಷೆ ತಡವಾಯಿತೆಂದು ಸಾಲಿನಲ್ಲಿ ಬೇಸರಪಡುವಾಗ, 'ಎಲ್ಲರದ್ದೂ ಒಂದೇ ಸಲ ಸುರಿದುಬಿಡಿ' ಎನ್ನುವಾಗ, ಇದನ್ನು ನೆನೆಯಿರಿ.

ಪರೀಕ್ಷೆಯ ಕಣ್ಣಿಗೆ ಬೀಳದ್ದು

ಆದರೆ ಫ್ಯಾಟ್, ಎಸ್‌ಎನ್‌ಎಫ್ ನೋಡುವ ಪರೀಕ್ಷೆಗೆ ಎಲ್ಲವೂ ಕಾಣುವುದಿಲ್ಲ. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಔಷಧಿ ಕೊಡಿಸಿದ ಆಕಳ ಹಾಲಿನಲ್ಲಿ ಔಷಧಿಯ ಅಂಶ ಕೆಲವು ದಿನ ಇಳಿದುಬರುತ್ತದೆ. ಫ್ಯಾಟ್ ಸರಿಯಿರಬಹುದು, ಡಿಗ್ರಿ ಸರಿಯಿರಬಹುದು, ಬಣ್ಣವೂ ಸರಿಯಿರಬಹುದು. ಕುದಿಸಿದರೂ ಆ ಅಂಶ ಪೂರ್ತಿ ಹೋಗುತ್ತದೆ ಎಂದು ನಂಬುವಂತಿಲ್ಲ. ಆ ಹಾಲು ಸೇರಿದರೆ ಡೈರಿಯಲ್ಲಿ ಮೊಸರಿನ ಹೆಪ್ಪು ಸರಿಯಾಗಿ ಕೂರುವುದಿಲ್ಲ. ಕುಡಿದವರಲ್ಲಿ ಕೆಲವರಿಗೆ ಅಲರ್ಜಿ ಆಗಬಹುದು. ರೋಗಾಣುಗಳು ಔಷಧಿಗೆ ಬಗ್ಗದಂತೆ ಗಟ್ಟಿಯಾಗುತ್ತವೆ. ಮುಂದೆ ಬಿಎಂಸಿಯಲ್ಲಿ ಅಥವಾ ಟ್ಯಾಂಕರಿನಲ್ಲಿ ಪರೀಕ್ಷೆ ಮಾಡಿದಾಗ ಸಿಕ್ಕಿಬಿದ್ದರೆ ಹೋಗುವುದು ಒಂದು ಮನೆಯ ಹಾಲಲ್ಲ.

ಇಲ್ಲಿ ಪರೀಕ್ಷೆಯ ಗೆರೆ ಇಲ್ಲ. ಗೆರೆಯನ್ನು ನಾವೇ ಬರೆಯಬೇಕು. ದಿನಕ್ಕೆ 6 ಲೀಟರ್ ಕೊಡುವ ಆಕಳ ಹಾಲನ್ನು 4 ದಿನ ಹಿಡಿದಿಟ್ಟರೆ 24 ಲೀಟರ್ ನಷ್ಟ. ಆ ವಾರದ ಬಟವಾಡೆಯಲ್ಲೇ ಹಿಂಡಿಯ ಬಾಕಿ ತೀರಿಸಬೇಕಾದ ಮನೆಗೆ ಇದು ಸಣ್ಣದಲ್ಲ. 'ಯಾರಿಗೆ ಗೊತ್ತಾಗುತ್ತದೆ' ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ, ಕೆಟ್ಟ ಬುದ್ಧಿಯಿಂದಲೇ ಹುಟ್ಟಬೇಕೆಂದಿಲ್ಲ. ಆಟ ಕಲಿಸಿದ ಮೂರು ದಾರಿಗಳನ್ನು ಇಲ್ಲಿ ಇಟ್ಟುನೋಡೋಣ.

ಒಂದು, ನಾಲ್ಕು ಮನೆಯಿಂದ ಶುರುಮಾಡಿ. ಒಬ್ಬರೇ ಶಪಥ ಮಾಡಿದರೆ ಮೂರನೇ ಆಟದ ಒಂಟಿ ಕಾಳಿನಂತೆ ಆಗುತ್ತದೆ. ಅಕ್ಕಪಕ್ಕದ ನಾಲ್ಕು ಮನೆಯವರು ಮಾತಾಡಿಕೊಳ್ಳಿ: ಔಷಧಿ ಕೊಡಿಸಿದ ದಿನ ಒಬ್ಬರಿಗೊಬ್ಬರು ತಿಳಿಸುವುದು, ಎಷ್ಟು ದಿನ ಹಾಲು ಹಾಕಬಾರದು ಎಂದು ಪಶುವೈದ್ಯರನ್ನು ಕೇಳಿ ಗೋಡೆಯ ಮೇಲೆ ತಾರೀಖು ಬರೆಯುವುದು. ಔಷಧಿಯ ಪ್ಯಾಕಿನ ಮೇಲೂ ಈ ಅವಧಿ ಬರೆದಿರುತ್ತದೆ. ಔಷಧಿಯಿಂದ ಔಷಧಿಗೆ ಅದು ಬೇರೆ.

ಎರಡು, 6ನ್ನು 5 ಮಾಡಿ. ಹಾಲು ಹಿಡಿದಿಟ್ಟ ಮನೆಗೆ ಸಂಘದ ಲಾಭದಿಂದಲೋ, ಸದಸ್ಯರು ಸೇರಿಸಿದ ಸಣ್ಣ ನಿಧಿಯಿಂದಲೋ ಸ್ವಲ್ಪ ಪರಿಹಾರ ಕೊಡಬಹುದೇ? 24 ಲೀಟರಿನ ಪೂರ್ತಿ ಹಣ ಬೇಕಿಲ್ಲ. ಎರಡನೇ ಆಟದಂತೆ, ತಪ್ಪಿ ನಡೆದು ಗಳಿಸುವುದಕ್ಕಿಂತ ಸರಿಯಾಗಿ ನಡೆದು ಕಳೆದುಕೊಳ್ಳುವುದು ತೀರ ಹೆಚ್ಚಾಗದಿದ್ದರೆ ಸಾಕು. ಮಹಾಸಭೆಯಲ್ಲಿ ಈ ಪ್ರಶ್ನೆ ಎತ್ತುವುದು ನಿಮ್ಮ ಹಕ್ಕು. ಕೆಚ್ಚಲು ಬಾವೇ ಬರದಂತೆ ಹಿಂಡುವ ಮುಂಚೆ ಕೆಚ್ಚಲು, ಕೈ ತೊಳೆಯುವುದು, ಹಿಂಡಿದ ಮೇಲೆ ಆಕಳು ಸ್ವಲ್ಪ ಹೊತ್ತು ಮಲಗದಂತೆ ಮೇವು ಹಾಕಿ ನಿಲ್ಲಿಸುವುದು, ಇವೂ ಆ ನಷ್ಟವನ್ನು ಇಳಿಸುವ ದಾರಿಗಳೇ.

ಮೂರು, ಒಳ್ಳೆಯದು ಕಾಣುವಂತೆ ಮಾಡಿ. ಐದಕ್ಕೆ ನಿಂತ ಆಟದಲ್ಲಿ 16ರ ಮನೆ ಕಾಣದೆ ನಾಲ್ವರು ಕೆಟ್ಟ ನಡತೆಯಲ್ಲೇ ಉಳಿದರು. ಡೈರಿಯ ಕರಿಹಲಗೆಯ ಮೇಲೆ ಫ್ಯಾಟ್ ದರದ ಕೆಳಗೆ 'ಈ ವಾರ ಔಷಧಿ ಹಾಲು ಹಿಡಿದ ಮನೆಗಳು' ಎಂದು ಎಷ್ಟು ಮನೆ ಎಂಬುದನ್ನು ಬರೆಯಿರಿ. ಹೆಸರು ಬೇಡವೆಂದರೆ ಬೇಡ. ಹಿಡಿಯುವವರು ಇದ್ದಾರೆ, ಅವರಿಗೆ ನಷ್ಟ ತುಂಬಿಕೊಟ್ಟಿದ್ದಾರೆ ಎಂಬುದು ಕಾಣಬೇಕು.

ನಮ್ಮ ಜಿಲ್ಲೆಯ ಹಳೆಯ ಸಾಕ್ಷಿ

ಇದು ನಮ್ಮ ಸೀಮೆಗೆ ಹೊಸದಲ್ಲ. ಅಂದು ಧಾರವಾಡ ಜಿಲ್ಲೆಯಲ್ಲಿದ್ದ, ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರ ಸಂಘ ಎಂದು ಅದನ್ನು ಇಂದಿಗೂ ನೆನೆಯುತ್ತಾರೆ. ಅದಕ್ಕೆ ಆಧಾರವಾಗಿದ್ದ 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಒಂದು ನಿಯಮವಿತ್ತು: ಸಂಘದ ಸಾಲಕ್ಕೆ ಎಲ್ಲ ಸದಸ್ಯರೂ ಮಿತಿಯಿಲ್ಲದೆ ಹೊಣೆ. ಒಬ್ಬರು ಬಾಕಿ ಉಳಿಸಿಕೊಂಡರೆ ಪಕ್ಕದ ಮನೆಯವರ ಮೈಮೇಲೆ ಬರುತ್ತದೆ. ಆದ್ದರಿಂದ ಒಬ್ಬರನ್ನೊಬ್ಬರು ಬಲ್ಲ ಒಂದೇ ಊರಿನವರು ಸಂಘ ಕಟ್ಟಬೇಕಾಗಿತ್ತು. ಊರೂರಿಗೆ ಒಂದೊಂದು ಹಾಲಿನ ಸಂಘ ಇರುವುದರ ಬಲವೂ ಅದೇ. ಯಾರ ಮನೆಯಲ್ಲಿ ಯಾವ ಆಕಳು ಕಾಯಿಲೆ ಬಿದ್ದಿದೆ ಎಂಬುದು ಊರಿನವರಿಗೆ ಗೊತ್ತಿರುವಷ್ಟು ದೂರದ ಕಚೇರಿಗೆ ಗೊತ್ತಿರುವುದಿಲ್ಲ.

ಆಟದ ಮಿತಿ

ಆಟವನ್ನು ಆಟದಷ್ಟೇ ನಂಬಿ. ನಮ್ಮ ಆಟದಲ್ಲಿ ಎಲ್ಲರೂ ಒಂದೇ ಗಳಿಗೆಯಲ್ಲಿ ಬದಲಾಗುತ್ತಾರೆ. ಊರಿನಲ್ಲಿ ಹಾಗಾಗುವುದಿಲ್ಲ. 1993ರಲ್ಲಿ ಹ್ಯೂಬರ್‌ಮನ್ ಮತ್ತು ಗ್ಲಾನ್ಸ್ ಎಂಬವರು, ಒಬ್ಬರಾದ ಮೇಲೆ ಒಬ್ಬರು ಬದಲಾಗುವಂತೆ ಆಡಿಸಿದರೆ ನೊವಾಕ್ ಮತ್ತು ಮೇ ಕಂಡ ಕೆಲವು ಚಿತ್ತಾರಗಳು ಉಳಿಯುವುದೇ ಇಲ್ಲ, ಎಲ್ಲರೂ ತಪ್ಪಿಸುವವರಾಗುತ್ತಾರೆ ಎಂದು ತೋರಿಸಿದರು. ಮರುವರ್ಷ ನೊವಾಕ್ ಮತ್ತು ಜತೆಗಾರರು, ಲಾಭದ ಅಂಕ ಸ್ವಲ್ಪ ಕಡಿಮೆ ಇದ್ದರೆ ಆಗಲೂ ಸಹಕಾರ ಉಳಿಯುತ್ತದೆ ಎಂದು ಉತ್ತರ ಕೊಟ್ಟರು. ಮತ್ತೆ ಅದೇ 6 ಮತ್ತು 5ರ ಮಾತು. ಅಲ್ಲದೆ ಕಾಳಿಗೂ ಬೀಜಕ್ಕೂ ಬಾಯಿಲ್ಲ. ನಮಗೆ ಮಾತಿದೆ, ನಾಚಿಕೆ ಇದೆ, ಹೋದ ವರ್ಷದ ಉಪಕಾರದ ನೆನಪಿದೆ. ಬೀಜಗಳು ಅಷ್ಟು ದೂರ ಹೋಗಬಲ್ಲವಾದರೆ ನಾವು ಇನ್ನೂ ದೂರ ಹೋಗಬಲ್ಲೆವು.

ಮನೆಯಲ್ಲಿ ಮಾಡಿ ನೋಡಿ

ಪ್ರಶ್ನೆ 1: ಊರೆಲ್ಲ ಹುಣಸೆ ಬೀಜ. ನಾಲ್ಕು ಗೋವಿನಜೋಳವನ್ನು ನಡುವೆ ಇಡದೆ ಚೌಕದ ಒಂದು ಮೂಲೆಯಲ್ಲಿ ಇಡಿ. ತಪ್ಪಿಸಿದವರಿಗೆ 6 ಅಂಕ. ಒಂದು ಸುತ್ತಿನ ನಂತರ ಎಷ್ಟು ಗೋವಿನಜೋಳ?

ಪ್ರಶ್ನೆ 2: ನಡುವೆ ನಾಲ್ಕು ಗೋವಿನಜೋಳ, ಸುತ್ತ ಹುಣಸೆ ಬೀಜ. ತಪ್ಪಿಸಿದವರಿಗೆ 9 ಅಂಕ ಕೊಟ್ಟರೆ ಏನಾಗುತ್ತದೆ?

ಪ್ರಶ್ನೆ 3: ನಿಮ್ಮ ಓಣಿಯ ಮನೆಗಳನ್ನು ಹಾಳೆಯ ಮೇಲೆ ಬರೆಯಿರಿ. ಔಷಧಿ ಹಾಲಿನ ವಿಷಯದಲ್ಲಿ ನಿಮ್ಮ ಜತೆ ನಿಲ್ಲುವ, ಒಂದಕ್ಕೊಂದು ತಾಗಿದ ಮೂರು ಮನೆ ಯಾವುವು?

ಉತ್ತರ 1: ಎಂಟು. ನಾಲ್ವರಿಗೂ ತಲಾ 8 ಅಂಕ, ತಾಗಿದ ನಾಲ್ಕು ಮನೆಗೆ ತಲಾ 6. ಆ ನಾಲ್ಕೂ ಬದಲಾಗುತ್ತವೆ.

ಉತ್ತರ 2: 9 ಅಂಕ 8ಕ್ಕಿಂತ ದೊಡ್ಡದು. ನಾಲ್ವರೂ ಒಂದೇ ಸುತ್ತಿಗೆ ಅಳಿಯುತ್ತಾರೆ. ತಪ್ಪಿಸುವ ಲಾಭ ಅಷ್ಟು ದೊಡ್ಡದಾದ ಕಡೆ ನೆರೆಹೊರೆ ಮಾತ್ರದಿಂದ ಆಗದು, ಪರೀಕ್ಷೆಯೂ ಪರಿಹಾರವೂ ಬೇಕು.

ಉತ್ತರ 3: ಇದನ್ನು ನೀವೇ ಬರೆಯಬೇಕು. ಮುಂದಿನ ಸಂಘದ ಸಭೆಗೆ ಬರುವಾಗ ಆ ಹಾಳೆಯನ್ನು ಜತೆಗೆ ತನ್ನಿ.